‘ಕೆಟ್ಟ ಸ್ಪರ್ಶ ಅಂದ್ರ ಹೊಡಿಯೋದು, ಟೀಚರ್’

ಒಂದನೇ ಅಥವಾ ಎರಡನೇ ತರಗತಿಯ ಮಕ್ಕಳನ್ನು ‘ಕೆಟ್ಟ ಸ್ಪರ್ಶ ಅಂದರೆ ಏನು?’ ಎಂದು ಕೇಳಿ ನೋಡಿ. ಮೊದಲು ಬರುವ ಉತ್ತರ ಹೊಡೆತ. ಅಣ್ಣ ಚಿವುಟ್ತಾನ, ಅವ್ವ ತಲಿ ಹಿಕ್ಕುವಾಗ ಕೂದ್ಲ ಜಗ್ತಾಳ, ದವಾಖಾನ್ಯಾಗ ಸೂಜಿ ಚುಚ್ತಾರ ಎಂದು ಪಟ್ಟಿ ಬೆಳೆಯುತ್ತದೆ. ಒಳ್ಳೆಯ ಸ್ಪರ್ಶ ಯಾವುದು ಎಂದರೆ ಅಪ್ಪಿಕೊಳ್ಳುವುದು, ಮುದ್ದು ಮಾಡುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು. ಐದಾರು ವರ್ಷದ ಮಗುವಿನ ಲೆಕ್ಕ ನೇರವಾದದ್ದು: ನೋವಾದರೆ ಕೆಟ್ಟದ್ದು, ನೋವಾಗದಿದ್ದರೆ ಒಳ್ಳೆಯದು.

ಅಪಾಯ ಇರುವುದೂ ಈ ಲೆಕ್ಕದಲ್ಲೇ. ಚಿಕ್ಕ ಮಗುವಿನ ಮೇಲೆ ಕಣ್ಣು ಹಾಕಿದವನು ಮೊದಲ ದಿನವೇ ನೋಯಿಸುವುದಿಲ್ಲ. ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ ಕೊಡಿಸುತ್ತಾನೆ, ಮೊಬೈಲಿನಲ್ಲಿ ಗೇಮ್ ಆಡಲು ಬಿಡುತ್ತಾನೆ, ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಊರ ಸುತ್ತ ಒಂದು ರೌಂಡ್ ಹಾಕಿಸುತ್ತಾನೆ. ಕಚಗುಳಿ ಇಡುತ್ತಾನೆ, ಮಗು ಕೇಕೆ ಹಾಕಿ ನಗುತ್ತದೆ. ಶಾಲೆಯಲ್ಲಿ ಹೇಳಿಕೊಟ್ಟ ಅಳತೆಗೋಲಿನಿಂದಲೇ ಮಗು ಅಳೆದರೆ ಅವನ ಕೈ ‘ಒಳ್ಳೆಯ ಸ್ಪರ್ಶ’ದ ಕಡೆಗೇ ಬೀಳುತ್ತದೆ. ಪಾಠ ಮುಗಿದಿದೆ, ಮಕ್ಕಳೆಲ್ಲ ಒಟ್ಟಾಗಿ ಉತ್ತರ ಹೇಳಿದ್ದಾರೆ, ಫೋಟೊ ತೆಗೆದು ಇಲಾಖೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಯೂ ಆಗಿದೆ. ಮಗುವಿನ ತಲೆಯೊಳಗೆ ಏನು ಹೋಗಿದೆ ಎಂದು ಮಾತ್ರ ಯಾರೂ ನೋಡಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರನ್ನು ಮುಂದಿಟ್ಟುಕೊಂಡು ಈ ಪಾಠದ ಬಗ್ಗೆ ಯೋಚಿಸಲು ಕಾರಣವಿದೆ. ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಬರುವ ಹೆದ್ದಾರಿಯಲ್ಲಿ ಹೊರಟರೆ ತೊಗರಿ, ಹತ್ತಿ ಬೆಳೆಯುವ ಒಣ ಎರೆಭೂಮಿ ಮುಗಿದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಶುರುವಾಗುತ್ತವೆ. ನೀರಿನ ಹಿಂದೆ ಬಂದ ಆಂಧ್ರದ ರೈತರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು, ಲಂಬಾಣಿ ತಾಂಡಾಗಳು, ಹಟ್ಟಿ ಚಿನ್ನದ ಗಣಿಯ ಕಾರ್ಮಿಕರ ಮನೆಗಳು ಎಲ್ಲವೂ ಈ ಒಂದೇ ಸೀಮೆಯಲ್ಲಿವೆ. ಒಂದನೇ ತರಗತಿಗೆ ಬರುವ ಮಗುವಿನ ಮನೆಮಾತು ಕನ್ನಡವಿರಬಹುದು, ತೆಲುಗು, ಬಂಗಾಳಿ, ಉರ್ದು, ಲಂಬಾಣಿ ಯಾವುದೂ ಇರಬಹುದು. ಸುಗ್ಗಿ ಮುಗಿದ ಮೇಲೆ ಒಣಭೂಮಿಯ ಹಳ್ಳಿಗಳಿಂದ ಅಪ್ಪ-ಅವ್ವಂದಿರು ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಜೊತೆ, ಕಾಕಾನ ಮನೆಯಲ್ಲಿ, ಹಾಸ್ಟೆಲಿನಲ್ಲಿ ಉಳಿಯುತ್ತಾರೆ. ಮಕ್ಕಳ ಸುರಕ್ಷತೆಯ ಪಾಠಗಳಾದರೋ ಅಪ್ಪ, ಅಮ್ಮ, ಒಂದು ಮಗು, ಬಾಗಿಲು ಹಾಕಿಕೊಳ್ಳುವ ಒಂದು ಮನೆ ಇದೆ ಎಂದುಕೊಂಡೇ ಬರೆದವು.

‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂಬ ಕಲ್ಪನೆ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ಮಿನೆಸೋಟದಲ್ಲಿ. ಅಲ್ಲಿ ಕಾರ್ಡೀಲಿಯಾ ಆ್ಯಂಡರ್ಸನ್ ಎಂಬವರು ಲೈಂಗಿಕ ದೌರ್ಜನ್ಯದ ವಿಷಯವನ್ನು ಮಕ್ಕಳಿಗೆ ಹೇಳುವ ದಾರಿ ಹುಡುಕುತ್ತಿದ್ದರು. ಅವರ ಮೂಲ ಕಲ್ಪನೆಯಲ್ಲಿ ಎರಡರ ನಡುವೆ ‘ಗೊಂದಲ ಹುಟ್ಟಿಸುವ ಸ್ಪರ್ಶ’ ಎಂಬ ಇನ್ನೊಂದು ಇತ್ತು. ಊರೂರು ದಾಟಿ ಬರುವಾಗ ಆ ನಡುವಿನದು ಉದುರಿಹೋಗಿ ಎರಡೇ ಉಳಿದವು. ಹೇಳಿಕೊಡುವವರಿಗೆ ಎರಡು ಸುಲಭ. ಮಗುವಿಗೆ ನಿಜವಾಗಿ ಎದುರಾಗುವುದು ಮಾತ್ರ ಬಹುಪಾಲು ಆ ನಡುವಿನದೇ.

ನಮ್ಮ ದೇಶದಲ್ಲಿ ಈ ಮಾತು ಬಯಲಿಗೆ ಬಂದದ್ದು ತಡವಾಗಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅವರಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು, ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹುಡುಗರೇ ಇದ್ದರು. ಅದೇ ವರ್ಷ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಬೇಡವೆಂದು ಹಲವು ರಾಜ್ಯಗಳು ಬಾಗಿಲು ಹಾಕಿದವು, ಕರ್ನಾಟಕವೂ ಅವುಗಳಲ್ಲಿ ಒಂದು. 2012ರ ಮೇ ತಿಂಗಳಲ್ಲಿ ಆಮಿರ್ ಖಾನ್ ‘ಸತ್ಯಮೇವ ಜಯತೇ’ ಕಾರ್ಯಕ್ರಮದಲ್ಲಿ ಪುಟ್ಟ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮೈಯ ಮೇಲಿನ ಅಪಾಯದ ಜಾಗಗಳನ್ನು ಹೇಳಿಕೊಟ್ಟಾಗ ಎಷ್ಟೋ ಮನೆಗಳಲ್ಲಿ ಆ ಮಾತು ಮೊದಲ ಸಲ ಕೇಳಿಸಿತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಅದೇ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. 2020ರ ಪೋಕ್ಸೊ ನಿಯಮಗಳು ವಯಸ್ಸಿಗೆ ತಕ್ಕ ಸುರಕ್ಷತಾ ಪಾಠ ತಯಾರಿಸುವುದು ಸರ್ಕಾರಗಳ ಹೊಣೆ ಎಂದವು. ಬೆಂಗಳೂರಿನ ಎನ್‌ಫೋಲ್ಡ್, ಚೆನ್ನೈನ ತುಳಿರ್, ಮುಂಬೈನ ಅರ್ಪಣ್ ಸಂಸ್ಥೆಗಳು ಅದಕ್ಕಿಂತ ಎಷ್ಟೋ ಮೊದಲೇ ತರಗತಿಗಳಲ್ಲಿ ಈ ಕೆಲಸ ಶುರು ಮಾಡಿದ್ದವು.

ಚಿಕ್ಕ ಮಕ್ಕಳಿಗೆ ಏನು ಅರ್ಥವಾಗುತ್ತದೆ ಎಂಬುದನ್ನು ಕೂತು ಪರೀಕ್ಷಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಯಾಂಡಿ ವುರ್ಟೆಲ್ ಮುಖ್ಯರು. 1989ರಲ್ಲಿ ಅವರು ಮತ್ತು ಸಂಗಡಿಗರು ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಲ್ಲಿ ಎರಡು ಬಗೆಯ ಪಾಠಗಳನ್ನು ಹೋಲಿಸಿದರು. ಒಂದು, ಮುಟ್ಟಿದಾಗ ನಿನಗೆ ಹೇಗನ್ನಿಸುತ್ತದೆ ನೋಡಿಕೋ ಎನ್ನುವ ಪಾಠ. ಇನ್ನೊಂದು, ಚಡ್ಡಿಯೊಳಗಿನ ಜಾಗ ಯಾರೂ ಮುಟ್ಟುವ ಹಾಗಿಲ್ಲ ಎಂಬ ನೇರ ನಿಯಮವನ್ನು ಅಭ್ಯಾಸ ಮಾಡಿಸುವ ಪಾಠ. ನಿಯಮ ಕಲಿತ ಮಕ್ಕಳು ಚೆನ್ನಾಗಿ ಗುರುತಿಸಿದರು, ‘ಹೇಗನ್ನಿಸುತ್ತದೆ’ ಕಲಿತವರು ಹಿಂದೆ ಬಿದ್ದರು. ಇದು ತಿಳಿದು ಮೂವತ್ತು ವರ್ಷ ದಾಟಿದರೂ ನಮ್ಮ ಗೋಡೆಬರಹಗಳಲ್ಲಿ, ಪೋಸ್ಟರುಗಳಲ್ಲಿ ಇವತ್ತಿಗೂ ಇರುವುದು ನಗುವ ಮುಖ, ಅಳುವ ಮುಖ.

ನಿಯಮದ ಪಾಠ ತರಗತಿಯಲ್ಲಿ ಹೇಗೆ ನಡೆಯುತ್ತದೆ? ಟೀಚರ್ ಬೋರ್ಡಿನ ಮೇಲೆ ಒಂದು ಮಗುವಿನ ಚಿತ್ರ ಬರೆಯುತ್ತಾರೆ. ತಲೆ, ಕಣ್ಣು, ಮೂಗು, ಹೊಟ್ಟೆ, ಮೊಣಕಾಲು ಎಂದು ಹೆಸರು ಹೇಳಿಸುತ್ತಾರೆ. ನಡುವಿಗೆ ಬಂದಾಗ ಕ್ಲಾಸು ನಗುತ್ತದೆ, ಒಂದೆರಡು ಮಕ್ಕಳು ಮುಖ ಮುಚ್ಚಿಕೊಳ್ಳುತ್ತವೆ. ಇಲ್ಲಿ ಟೀಚರ್ ತಾವೂ ನಾಚಿ ಮುಂದೆ ಹೋದರೆ ಪಾಠ ಅಲ್ಲಿಗೇ ಮುಗಿದ ಹಾಗೆ. ಆ ಜಾಗದ ಬಗ್ಗೆ ಮಾತಾಡಬಾರದು ಎಂದು ಮಗು ಕಲಿತುಕೊಂಡು ಮನೆಗೆ ಹೋಗುತ್ತದೆ. ಅದರ ಬದಲು ಮೊಣಕಾಲಿನ ಹೆಸರು ಹೇಳಿದ ಧ್ವನಿಯಲ್ಲೇ ಅದನ್ನೂ ಹೇಳಿ, ನಗುವುದು ನಿಲ್ಲುವ ತನಕ ತಾಳ್ಮೆಯಿಂದ ನಿಂತರೆ ಮಕ್ಕಳಿಗೆ ಒಂದು ಧೈರ್ಯ ಬರುತ್ತದೆ. ಮನೆಯಲ್ಲಿ ನೀವು ಏನಂತೀರಿ ಎಂದು ಕೇಳಿದರೆ ಬಂಗಾಳಿ ಮಗು ತನ್ನ ಮಾತಿನಲ್ಲಿ, ತಾಂಡಾದ ಮಗು ತನ್ನ ಮಾತಿನಲ್ಲಿ ಹೇಳಲಿ. ನಾಳೆ ಆ ಮಗು ಓಡಿಬಂದು ಏನಾದರೂ ಹೇಳುವಾಗ ಅದರ ಬಾಯಿಗೆ ಬರುವುದು ಆ ಮಾತೇ. ಅದು ಟೀಚರಿಗೆ ಮೊದಲೇ ಗೊತ್ತಿರಬೇಕು.

ಆಮೇಲೆ ನಿಯಮ. ಚಡ್ಡಿಯೊಳಗಿನ ಜಾಗ ಯಾರೂ ಮುಟ್ಟುವ ಹಾಗಿಲ್ಲ, ನೋಡುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ, ಅವರದನ್ನು ನಿನ್ನ ಕೈಯಲ್ಲಿ ಮುಟ್ಟಿಸುವ ಹಾಗಿಲ್ಲ. ಕೊನೆಯದನ್ನು ಬಹಳ ಪಾಠಗಳು ಬಿಟ್ಟುಬಿಡುತ್ತವೆ. ತನ್ನ ಮೈಯನ್ನು ಯಾರೂ ಮುಟ್ಟಿಲ್ಲವಲ್ಲ ಎಂದು ಮಗು ಸುಮ್ಮನಾಗುತ್ತದೆ. ನಿಯಮ ಹೇಳಿದ ಕೂಡಲೇ ಮಕ್ಕಳ ಪ್ರಶ್ನೆಗಳು ಶುರುವಾಗುತ್ತವೆ: ಅವ್ವ ಜಳಕ ಮಾಡಸ್ತಾಳಲ್ಲ? ಅಂಗನವಾಡಿ ಆಯಾ ತೊಳಿತಾರಲ್ಲ? ಡಾಕ್ಟರು? ಇವೇ ಈ ಪಾಠದ ಜೀವ. ಸ್ವಚ್ಛ ಮಾಡಲು ಅಥವಾ ಹುಷಾರಿಲ್ಲದಾಗ ಔಷಧಿ ಹಚ್ಚಲು ಮುಟ್ಟಬಹುದು, ಅದನ್ನು ಯಾರೂ ಗುಟ್ಟಾಗಿ ಇಡಬೇಕು ಅನ್ನುವುದಿಲ್ಲ ಎಂದು ಹೇಳಿದರೆ ಮಕ್ಕಳಿಗೆ ತಿಳಿಯುತ್ತದೆ. ‘ಯಾರ ಮುಂದೂ ಹೇಳಬ್ಯಾಡ’ ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಹೇಳಬೇಕು ಎಂಬುದು ಐದು ವರ್ಷದ ಮಗುವಿಗೂ ನೆನಪಿರುವ ಗುರುತು. ಕೆಟ್ಟದ್ದು, ಒಳ್ಳೆಯದು ಎಂದು ಮಗು ತೂಗಿ ನೋಡಬೇಕಾಗಿಯೇ ಇಲ್ಲ.

ಇನ್ನು ಆ ಹೊಡೆತದ ಉತ್ತರ. ಅದನ್ನು ತಪ್ಪು ಎಂದು ತಳ್ಳಿಹಾಕುವ ಶಿಕ್ಷಕರೇ ಹೆಚ್ಚು. ‘ಅದಲ್ಲ, ಬೇರೆ ಥರದ್ದು’ ಎನ್ನುತ್ತಾರೆ. ನನಗೆ ಮಕ್ಕಳು ಸರಿ ಅನ್ನಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ‘ಸರ್ ಹೊಡೀತಾರ, ಅದು ಕೆಟ್ಟ ಸ್ಪರ್ಶನಾ?’ ಎಂದು ಮಗು ಕೇಳಿದರೆ ಪ್ರಾಮಾಣಿಕ ಉತ್ತರ ‘ಹೌದು, ಅದೂ ಮಾಡಬಾರದ್ದು’ ಎಂಬುದೇ. ಮೇಜಿನ ಮೇಲೆ ಕೋಲು ಇಟ್ಟುಕೊಂಡು ‘ನಿನ್ನ ಮೈ ನಿನ್ನದು’ ಎಂದರೆ ಮಗು ಕೋಲನ್ನೇ ನಂಬುತ್ತದೆ. ದೊಡ್ಡವರ ಮಾತು ಮೀರಿದರೆ ಏಟು ಬೀಳುತ್ತದೆ ಎಂದು ದಿನವೂ ಕಲಿಯುವ ಮಗು, ಒಬ್ಬ ದೊಡ್ಡವನಿಗೆ ‘ಬ್ಯಾಡ’ ಎನ್ನಬೇಕು ಎಂಬುದನ್ನು ವರ್ಷಕ್ಕೊಮ್ಮೆ ಕಲಿತು ಅದನ್ನು ನಡೆಸುವುದು ಹೇಗೆ?

ಯಾರ ಬಗ್ಗೆ ಎಚ್ಚರ ಇರಬೇಕು ಎಂದು ಕೇಳಿದರೆ ಮಕ್ಕಳ ಕಣ್ಣ ಮುಂದೆ ಬರುವವನು ಮಕ್ಕಳ ಕಳ್ಳ. ಹೆಗಲಿಗೆ ಚೀಲ, ಕೈಯಲ್ಲಿ ಚಾಕೊಲೇಟ್, ಗುರುತಿಲ್ಲದ ಮುಖ. ದೊಡ್ಡವರಾದ ನಾವೂ ಅವನನ್ನೇ ನಂಬಿದ್ದೇವೆ. 2018ರ ಜುಲೈನಲ್ಲಿ ಇದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿತು, ಔರಾದ್ ತಾಲ್ಲೂಕಿನ ಮುರ್ಕಿ ಬಳಿ ಗುಂಪು ಅವರನ್ನು ಅಡ್ಡಗಟ್ಟಿ ಹೊಡೆಯಿತು, ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ಹೇಳುವುದು ಬೇರೆಯೇ. ಪೋಕ್ಸೊ ಅಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ: ಮನೆಯವನು, ನೆಂಟ, ಪಕ್ಕದವನು, ಕಲಿಸುವವನು.

ಇದನ್ನು ಆರು ವರ್ಷದ ಮಗುವಿಗೆ ಹೇಳುವುದು ಕಷ್ಟ. ‘ಕಾಕಾ ಕೆಟ್ಟವನಿರಬಹುದು’ ಎಂದು ಯಾವ ಟೀಚರೂ ಹೇಳಲಾರರು, ಹೇಳಲೂಬಾರದು. ಚಿಕ್ಕ ಮಕ್ಕಳ ಲೋಕದಲ್ಲಿ ಜನ ಇಡಿಯಾಗಿ ಒಳ್ಳೆಯವರು ಅಥವಾ ಇಡಿಯಾಗಿ ಕೆಟ್ಟವರು. ತನಗೆ ಪೆನ್ಸಿಲ್ ಬಾಕ್ಸ್ ತಂದುಕೊಟ್ಟ ಕಾಕಾ ಕೆಟ್ಟವನಾಗಲು ಸಾಧ್ಯವಿಲ್ಲ, ಹಾಗಾಗಿ ಅವನು ಮಾಡಿದ್ದೂ ಕೆಟ್ಟದ್ದಲ್ಲ ಎಂಬುದು ಅವರ ತರ್ಕ. ಆದ್ದರಿಂದ ಜನರ ಮಾತು ಬಿಟ್ಟು ಕೆಲಸದ ಮಾತು ಹಿಡಿಯಬೇಕು. ‘ಯಾರೇ ಆಗಲಿ, ನಿನಗೆ ಇಷ್ಟವಾದವರೇ ಆಗಲಿ, ಈ ನಿಯಮ ಮುರಿದರೆ ಹೇಳಬೇಕು.’ ಚೈಲ್ಡ್‌ಲೈನ್ ಸಹಾಯವಾಣಿ ತಯಾರಿಸಿದ ‘ಕೋಮಲ್’ ಎಂಬ ಅನಿಮೇಷನ್ ಚಿತ್ರದಲ್ಲಿ ತಪ್ಪು ಮಾಡುವವನು ಮನೆಯವರೆಲ್ಲ ನಂಬಿದ ನೆರೆಯ ಅಂಕಲ್. ಅದನ್ನು ತರಗತಿಯಲ್ಲಿ ತೋರಿಸಿ ಅಲ್ಲಿಗೇ ಬಿಡದೆ, ಕೋಮಲ್‌ಗೆ ಅವನು ಮೊದಲು ಯಾಕೆ ಇಷ್ಟವಾಗಿದ್ದ ಎಂದು ಮಕ್ಕಳಿಂದಲೇ ಹೇಳಿಸಬೇಕು.

ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ, ಅದರ ಬಗ್ಗೆ ಯಾವ ಕೈಪಿಡಿಯಲ್ಲೂ ನಾನು ಓದಿಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಇಲ್ಲಿ ಹಳೆಯದು. ಐದು ವರ್ಷದ ಹುಡುಗಿಯನ್ನು ‘ಇವನ ನೋಡವಾ ನಿನ್ನ ಗಂಡ’ ಎಂದು ಚೇಷ್ಟೆ ಮಾಡುತ್ತಾರೆ, ಅವಳು ನಾಚಿ ಓಡಿದರೆ ಮನೆಮಂದಿಯೆಲ್ಲ ನಗುತ್ತಾರೆ. ಅವನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರೂ ನಗುತ್ತಾರೆ. ಬಹುಪಾಲು ಸೋದರಮಾವಂದಿರು ಮಕ್ಕಳನ್ನು ಜೀವದಂತೆ ನೋಡಿಕೊಳ್ಳುವವರು, ಅದರಲ್ಲಿ ಸಂಶಯವಿಲ್ಲ. ಆದರೆ ಆ ನಗುವಿನಿಂದ ಮಗು ಕಲಿಯುವ ಪಾಠ ಏನು? ಈ ಒಬ್ಬನಿಗೆ ನನ್ನ ಮೇಲೆ ಹಕ್ಕಿದೆ, ನನಗೆ ಮುಜುಗರವಾದರೆ ಅದು ಎಲ್ಲರಿಗೂ ತಮಾಷೆ. ಟೀಚರ್ ಹೇಳಿದ ನಿಯಮ ಮಾವನಿಗೆ ಅನ್ವಯಿಸುತ್ತದೆಯೇ ಎಂದು ಅವಳು ಯಾರನ್ನು ಕೇಳಬೇಕು? ಕಾಯ್ದೆಯಲ್ಲಿ ನೆಂಟಸ್ತಿಕೆಗೆ ರಿಯಾಯಿತಿ ಇಲ್ಲ. ಪೋಕ್ಸೊ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳು, ಸಂಬಂಧಿಯೇ ಎಸಗಿದರೆ ಶಿಕ್ಷೆ ಇನ್ನೂ ಕಠಿಣ. ಈ ಚೇಷ್ಟೆಯನ್ನು ನಿಲ್ಲಿಸಿ ಎಂದು ತಾಯಂದಿರ ಸಭೆಯಲ್ಲಿ ನೇರವಾಗಿ ಹೇಳಲು ಟೀಚರ್ ಹಿಂಜರಿಯಬೇಕಾಗಿಲ್ಲ.

‘ಬ್ಯಾಡ ಅನ್ನು, ಓಡು, ಹೇಳು’ ಎಂಬ ಮೂರು ಮಾತಿನ ಘೋಷಣೆಯನ್ನು ಮಕ್ಕಳು ಹಾಡಿನ ಹಾಗೆ ಒಪ್ಪಿಸುತ್ತಾರೆ. ಮೊದಲ ಎರಡರ ಬಗ್ಗೆ ನನಗೆ ಭಯವಿದೆ. ಹೆದರಿದ ಮಗು ಕೂಗುವುದಿಲ್ಲ, ಓಡುವುದೂ ಇಲ್ಲ, ಕಲ್ಲಿನ ಹಾಗೆ ನಿಂತುಬಿಡುತ್ತದೆ. ಆಮೇಲೆ ‘ಟೀಚರ್ ಓಡು ಅಂದಿದ್ರು, ನಾನು ಓಡಲಿಲ್ಲ, ತಪ್ಪು ನಂದೇ’ ಎಂದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಹೇಳುವುದೂ ಇಲ್ಲ. ಓಡಲು ಆಗದಿದ್ದರೂ ಪರವಾಗಿಲ್ಲ, ಬೇಡ ಅನ್ನಲು ಆಗದಿದ್ದರೂ ಪರವಾಗಿಲ್ಲ, ಬಹಳ ದಿನ ಆಗಿದ್ದರೂ ಪರವಾಗಿಲ್ಲ, ಹೇಳಿದರೆ ಸಾಕು, ನಿನ್ನ ತಪ್ಪೇನೂ ಇಲ್ಲ ಎಂಬ ಮಾತು ಪ್ರತಿ ಪಾಠದಲ್ಲೂ ಬರಲೇಬೇಕು. ಪಾಠದ ಬೇರೆ ಭಾಗಕ್ಕೆ ಸಮಯ ಸಿಗದಿದ್ದರೂ ಇದಕ್ಕೆ ಸಿಗಬೇಕು.

ಹೇಳುವುದು ಯಾರಿಗೆ? ಮಕ್ಕಳಿಂದ ಕೈಯ ಚಿತ್ರ ಬರೆಸಿ, ಐದು ಬೆರಳಿಗೆ ಐದು ನಂಬಿಕೆಯ ಜನರ ಹೆಸರು ಬರೆಸುವ ಒಂದು ಚಟುವಟಿಕೆ ಇದೆ. ಬಹಳ ಒಳ್ಳೆಯ ಚಟುವಟಿಕೆ. ಆದರೆ ಗುಳೆ ಹೋಗುವ ಮನೆಯ ಮಗು ಜುಲೈನಲ್ಲಿ ಅವ್ವ, ಅಪ್ಪ ಎಂದು ಎರಡು ಬೆರಳು ತುಂಬಿಸಿದ್ದರೆ ಡಿಸೆಂಬರ್ ಹೊತ್ತಿಗೆ ಆ ಎರಡೂ ಬೆರಳು ಖಾಲಿ. ಅವ್ವ ಬೆಂಗಳೂರಿನ ಶೆಡ್ಡಿನಲ್ಲಿದ್ದಾಳೆ. ಫೋನ್ ಬರುವುದು ರಾತ್ರಿ, ಅದೂ ಕಾಕಾನ ಮೊಬೈಲಿಗೆ. ಮಾತಾಡುವಾಗ ಮನೆಯವರೆಲ್ಲ ಸುತ್ತ ಕೂತಿರುತ್ತಾರೆ. ಆ ಮಗು ಏನು ಹೇಳೀತು? ಆ ಚಿತ್ರವನ್ನು ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಬರೆಸಬೇಕು, ಯಾವ ಬೆರಳು ಖಾಲಿಯಾಗಿದೆ ಎಂದು ಟೀಚರ್ ನೋಡಬೇಕು. ಖಾಲಿಯಾದ ಬೆರಳಿನ ಜಾಗಕ್ಕೆ ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯಾಕೆ, ಆಶಾ ಕಾರ್ಯಕರ್ತೆ ಬರಬಹುದು. ಊರಲ್ಲೇ ಉಳಿಯುವ, ಮಗು ದಿನವೂ ನೋಡುವ ಹೆಂಗಸರು ಇವರು. ತರಬೇತಿ ಕೊಡುವಾಗ ಅಡುಗೆಯವರನ್ನು ಯಾರೂ ಕರೆಯುವುದಿಲ್ಲ. ತಟ್ಟೆ ಹಿಡಿದು ಬಂದ ಮಗು ಎರಡು ದಿನದಿಂದ ಉಣ್ಣುತ್ತಿಲ್ಲ ಎಂಬುದು ಮೊದಲು ಗೊತ್ತಾಗುವುದು ಅವರಿಗೇ.

ಮಕ್ಕಳ ಸಹಾಯವಾಣಿ 1098 ಮುಂಬೈಯಲ್ಲಿ 1996ರಲ್ಲಿ ಶುರುವಾಯಿತು. 2023ರಿಂದ ಅದನ್ನು ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಅಡಿ ರಾಜ್ಯ ಸರ್ಕಾರಗಳೇ ನಡೆಸುತ್ತಿವೆ. ಆ ನಂಬರ್ ಶಾಲೆಯ ಗೋಡೆಯ ಮೇಲೆ ಇರಬೇಕು ನಿಜ. ಒಂದನೇ ತರಗತಿಯ ಮಗು ಫೋನ್ ಮಾಡುತ್ತದೆ ಎಂದು ಮಾತ್ರ ನಂಬಬೇಡಿ. ಅದು ದೊಡ್ಡವರಿಗಾಗಿ ಇರುವ ನಂಬರ್.

ಮಗು ಹೇಳುವ ಕ್ರಮವೂ ನಾವು ಎಣಿಸಿದ ಹಾಗಿರುವುದಿಲ್ಲ. ‘ನಂಗ ಆ ಮನಿಗೆ ಟಿ.ವಿ. ನೋಡಾಕ ಹೋಗೂದು ಬ್ಯಾಡ’ ಎನ್ನುತ್ತದೆ, ಅಷ್ಟೇ. ಅಥವಾ ಗೆಳತಿಗೆ ಹೀಗಾಯಿತು ಎನ್ನುತ್ತದೆ. ಕೇಳುವವರ ಮುಖ ನೋಡುತ್ತದೆ. ಬೈದರೆ, ಗಾಬರಿಯಾದರೆ, ‘ಸುಳ್ಳು ಹೇಳಬ್ಯಾಡ’ ಎಂದರೆ ಬಾಯಿ ಮುಚ್ಚುತ್ತದೆ. ‘ಹೇಳಿದ್ದು ಚಲೋ ಆತು’ ಎಂದರೆ ಇನ್ನೊಂದು ದಿನ ಇನ್ನೊಂದಿಷ್ಟು ಹೇಳುತ್ತದೆ. ಪಾಠ ನಡೆದ ಮಾರನೆಯ ದಿನ, ಆಮೇಲಿನ ವಾರ, ಟೀಚರ್ ಸುಮ್ಮನೆ ಆಟದ ಬಯಲಿನಲ್ಲಿ ಮಕ್ಕಳ ಕೈಗೆ ಸಿಗುವ ಹಾಗೆ ಇರಬೇಕು. ಹೊರಗಿನಿಂದ ಬಂದು ಒಂದು ಗಂಟೆ ಪಾಠ ಮಾಡಿ ಜೀಪು ಹತ್ತಿ ಹೋಗುವ ಸಂಪನ್ಮೂಲ ವ್ಯಕ್ತಿಯಿಂದ ಇದು ಆಗದ ಕೆಲಸ.

ಹೇಳಿದ ಮೇಲೆ ಶಿಕ್ಷಕರಿಗೆ ಆಯ್ಕೆಗಳಿಲ್ಲ. ಪೋಕ್ಸೊ 19ನೇ ಕಲಂ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಡಿ ಆರು ತಿಂಗಳವರೆಗೆ ಶಿಕ್ಷೆಯಿದೆ, ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಮಗುವೇ ಸುಳ್ಳು ಹೇಳಿದ್ದರೂ ಅದಕ್ಕೆ ಶಿಕ್ಷೆ ಇಲ್ಲ. ಇಷ್ಟು ಮಾತು ಪ್ರತಿ ಶಿಕ್ಷಕರಿಗೂ ಬಾಯಿಪಾಠ ಇರಬೇಕು. ಏಕೆಂದರೆ ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರುವುದು ರಾಯಚೂರಿನಲ್ಲಿ, ಈ ಊರುಗಳಿಂದ 80-90 ಕಿಲೋಮೀಟರ್ ದೂರ. ಮೊದಲ ಕೆಲವು ಗಂಟೆ ಮಗುವಿನ ಪಾಲಿಗೆ ಇರುವುದು ಆ ಶಿಕ್ಷಕರೊಬ್ಬರೇ.

ಇಷ್ಟೆಲ್ಲ ಮಾಡಿದರೆ ಪ್ರಯೋಜನ ಇದೆಯೇ? 2015ರಲ್ಲಿ ಕೊಕ್ರೇನ್ ಸಂಸ್ಥೆ ಬೇರೆ ಬೇರೆ ದೇಶಗಳ 24 ಪ್ರಯೋಗಗಳನ್ನು, ಸುಮಾರು 5,800 ಮಕ್ಕಳ ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿತು. ಪಾಠ ಕೇಳಿದ ಮಕ್ಕಳ ತಿಳಿವಳಿಕೆ ಹೆಚ್ಚಿತ್ತು, ಪಾಠದಿಂದ ಮಕ್ಕಳಲ್ಲಿ ಹೆದರಿಕೆ ಹೆಚ್ಚಿದ್ದು ಕಾಣಲಿಲ್ಲ, ತಮಗೆ ಆದದ್ದನ್ನು ಬಾಯಿಬಿಟ್ಟು ಹೇಳಿದವರು ಪಾಠ ಕೇಳದವರಿಗಿಂತ ಹೆಚ್ಚಿದ್ದರು. ದೌರ್ಜನ್ಯವೇ ಕಡಿಮೆಯಾಯಿತು ಎಂದು ಸಾಬೀತುಪಡಿಸುವಷ್ಟು ಆಧಾರ ಅದರಲ್ಲಿರಲಿಲ್ಲ. ನನ್ನ ಮಟ್ಟಿಗೆ ಇದರಿಂದ ಪಾಠದ ಬೆಲೆ ಕುಗ್ಗುವುದಿಲ್ಲ, ಅದರ ಜಾಗ ಯಾವುದು ಎಂದು ತಿಳಿಯುತ್ತದೆ. ಏಳು ವರ್ಷದ ಮಗು ದೊಡ್ಡವನೊಬ್ಬನನ್ನು ತಡೆಯಬೇಕು ಎಂದು ನಾವು ಆಸೆಪಡುವುದೇ ಅನ್ಯಾಯ. ಮಗು ಹೇಳಲಿ ಎಂದು ಮಾತ್ರ ಆಸೆಪಡಬಹುದು, ತಡೆಯುವ ಕೆಲಸ ದೊಡ್ಡವರದು.

ಒಂದರಿಂದ ಮೂರನೇ ತರಗತಿಯವರೆಗೆ ನಮ್ಮಲ್ಲಿ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಪದ್ಧತಿ ಅದು. ಮಕ್ಕಳು ಗುಂಪು ಗುಂಪಾಗಿ ಕೂತು, ಕಲಿಕಾ ಏಣಿಯಲ್ಲಿ ತಮ್ಮ ವೇಗದಲ್ಲಿ ಮೇಲೇರುತ್ತಾರೆ, ಕಾರ್ಡು ಹಿಡಿದು ಕಲಿಯುತ್ತಾರೆ, ಮರೆತದ್ದಕ್ಕೆ ಮತ್ತೆ ಬರುತ್ತಾರೆ. ಮೈಯ ಸುರಕ್ಷತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ವರ್ಷಕ್ಕೊಂದು ಭಾಷಣದಿಂದ ಚಿಕ್ಕ ಮಕ್ಕಳಿಗೆ ಏನೂ ಉಳಿಯುವುದಿಲ್ಲ. ತಿಂಗಳಿಗೊಂದು ಕಾರ್ಡು, ಒಂದು ಕತೆ, ಒಂದು ‘ಹೀಗಾದರೆ ಏನು ಮಾಡ್ತಿ?’ ಎಂಬ ಪ್ರಶ್ನೆ ಸಾಕು. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಗಳು ಈ ಭಾಗದಲ್ಲಿ ಬಹಳ. ವರ್ಷ ವರ್ಷ ಬದಲಾಗುವ ಅವರಿಗೂ ಜೂನ್ ತಿಂಗಳಲ್ಲೇ ತರಬೇತಿ ಸಿಗಬೇಕು.

ತಂದೆಯರ ಸಭೆ ಒಂದು ಬಾಕಿ ಇದೆ. ಪಾಲಕರ ಸಭೆಗೆ ಬರುವವರು ತಾಯಂದಿರು, ಗಂಡಸರು ಬರುವುದಿಲ್ಲ. ತಾಂಡಾದಲ್ಲಿ, ಕ್ಯಾಂಪಿನಲ್ಲಿ, ಗುಳೆಗೆ ಕರೆದೊಯ್ಯುವ ಮೇಸ್ತ್ರಿ ಮುಂಗಡ ಹಣ ಹಂಚಲು ಬರುವ ಆ ವಾರದಲ್ಲಿ ಗಂಡಸರೆಲ್ಲ ಊರಲ್ಲೇ ಇರುತ್ತಾರೆ. ಮುಖ್ಯಗುರುಗಳು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನು ಜೊತೆಗೆ ಕರೆದುಕೊಂಡು ಆ ವಾರದ ಒಂದು ರಾತ್ರಿ ಅಲ್ಲಿಗೆ ಹೋಗಬೇಕು. ಪ್ರತಿ ಮನೆಯಲ್ಲೂ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಬೇಕು: ಮಗು ಯಾರ ಹತ್ತಿರ ಮಲಗುತ್ತದೆ, ಫೋನ್ ಯಾರ ಮೊಬೈಲಿಗೆ ಬರುತ್ತದೆ, ಶಾಲೆಯಿಂದ ಟೀಚರ್ ಅವರೇ ವಾರಕ್ಕೊಮ್ಮೆ ಅವ್ವನಿಗೆ ಫೋನ್ ಹಚ್ಚಿ ಮಗುವಿನ ಕೈಗೆ ಕೊಟ್ಟು ಹೊರಗೆ ನಿಲ್ಲಬಹುದೇ.